ತಾಮ್ರದ ಪೂಲ್‌ಗೆ ಕ್ಲೋರಿನ್: ಮೊದಲ ದಿನವೇ ಸುರಿಯಬೇಡಿ

"ಸರ್, ನಿನ್ನೆ ಕ್ಲೋರಿನ್ ಹಾಕಿದ್ವಿ. ಬೆಳಗ್ಗೆ ನೋಡಿದ್ರೆ ನೀರೆಲ್ಲ ಹಸಿರು." ಫೋನಿನಲ್ಲಿ ಈ ಮಾತು ಬಂದರೆ ನಾನು ಮೊದಲು ಕೇಳುವುದು ಒಂದೇ: ಪಂಪ್ ರೂಮಿನಲ್ಲಿ ಅಯೊನೈಜರ್ ಇದೆಯಾ? ಸಾಮಾನ್ಯವಾಗಿ ಇರುತ್ತದೆ.

ದೇವನಹಳ್ಳಿ, ಸರ್ಜಾಪುರ, ಕನಕಪುರ ರಸ್ತೆಯ ವಿಲ್ಲಾಗಳಲ್ಲಿ, ಕೊಡಗಿನ ಹೋಮ್‌ಸ್ಟೇಗಳಲ್ಲಿ 'ಕೆಮಿಕಲ್ ಇಲ್ಲದ ಪೂಲ್' ಅಂತ ಹೇಳಿ ಕೂರಿಸಿದ ಪುಟ್ಟ ಡಬ್ಬಿ ಅದು. ಒಳಗೆ ತಾಮ್ರ ಮತ್ತು ಬೆಳ್ಳಿ ಬೆರೆತ ಎರಡು ಕಡ್ಡಿ. ಕಡಿಮೆ ವೋಲ್ಟೇಜಿನ ಡಿಸಿ ಕರೆಂಟ್ ಹರಿದಾಗ ಕಡ್ಡಿ ನಿಧಾನಕ್ಕೆ ಸವೆಯುತ್ತದೆ, ತಾಮ್ರ ನೀರಿಗೆ ಇಳಿಯುತ್ತದೆ. ಪಾಚಿ ಬೆಳೆಯಲ್ಲ, ವಾಸನೆ ಇಲ್ಲ. ಮಾರುವವರಿಗೆ ನಮ್ಮ ಮನೆಗಳಲ್ಲಿ ಕೆಲಸ ಇನ್ನೂ ಸುಲಭ. "ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯಲ್ವಾ ಅಮ್ಮ? ಇದೂ ಅದೇ."

ಅದೇ ಅಲ್ಲ. ಚೊಂಬಿನ ನೀರಿನಲ್ಲಿ ತಾಮ್ರಕ್ಕೆ ಇಡೀ ರಾತ್ರಿ ಸಮಯ ಸಿಗುತ್ತದೆ, ಮಧ್ಯೆ ಯಾರೂ ಅದರೊಳಗೆ ಇಳಿದು ಈಜುವುದಿಲ್ಲ. ಪೂಲಿನಲ್ಲಿ ಒಂದು ಮಗುವಿನಿಂದ ಬಂದ ಕ್ರಿಮಿ ಪಕ್ಕದ ಮಗುವಿನ ಬಾಯಿ ಸೇರುವ ಮೊದಲೇ ಸಾಯಬೇಕು. ಅಷ್ಟು ಬೇಗ ಕೊಲ್ಲುವ ಶಕ್ತಿ ತಾಮ್ರಕ್ಕಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಲೆಕ್ಕ ನೋಡಿ: 1 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ) ಕ್ಲೋರಿನ್, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.5 ಇದ್ದರೆ ಇ-ಕೊಲೈ ಬ್ಯಾಕ್ಟೀರಿಯಾ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್-ಎ ವೈರಸ್‌ಗೆ ಸುಮಾರು 16 ನಿಮಿಷ, ಜಿಯಾರ್ಡಿಯಾ ಎಂಬ ಪರಾವಲಂಬಿಗೆ 45 ನಿಮಿಷ. ಕ್ಲೋರಿನ್ ಸರ್ವಶಕ್ತ ಅಂತೇನೂ ಅಲ್ಲ. ಭೇದಿ ತರುವ ಕ್ರಿಪ್ಟೋ (ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ) ಅದರಲ್ಲೂ ಹತ್ತು ದಿನ ಬದುಕಬಲ್ಲದು. ಆದರೂ ಮನೆ ಪೂಲಿಗೆ ಅದಕ್ಕಿಂತ ನಂಬಿಕಸ್ಥ ದಾರಿ ನನಗೆ ಕಂಡಿಲ್ಲ. ಇನ್ನೊಂದು ವಿಷಯ: ಬೆವರು, ಎಣ್ಣೆ, ಸನ್‌ಸ್ಕ್ರೀನ್, ಮಕ್ಕಳ ಮೂತ್ರ ಇವನ್ನೆಲ್ಲ ತಾಮ್ರ ಸುಡುವುದಿಲ್ಲ, ಕ್ಲೋರಿನ್ ಸುಡುತ್ತದೆ. ಅಯೊನೈಜರ್ ಜೊತೆಗೂ ಸ್ವಲ್ಪ ಕ್ಲೋರಿನ್ ಇರಲೇಬೇಕು ಅಂತ ಒಳ್ಳೆಯ ತಯಾರಕರೇ ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ. ಆ ಪುಟವನ್ನು ಯಾರೂ ಓದುವುದಿಲ್ಲ, ಅಷ್ಟೇ.

ಕೇರಳದಲ್ಲಿ 2024 ಮತ್ತು 2025ರಲ್ಲಿ 'ಮೆದುಳು ತಿನ್ನುವ ಅಮೀಬಾ' ಸುದ್ದಿ ಬಂದ ಮೇಲೆ ಕ್ಲೋರಿನ್‌ಗೆ ಬದಲಾಯಿಸಿಕೊಡಿ ಅನ್ನುವವರು ಜಾಸ್ತಿಯಾಗಿದ್ದಾರೆ. ಆ ಅಮೀಬಾ ನೀರು ಕುಡಿದರೆ ಬರುವುದಲ್ಲ, ಮೂಗಿನ ಮೂಲಕ ಹೋಗುವುದು. ಬೆಚ್ಚಗಿನ, ಸರಿಯಾಗಿ ನೋಡಿಕೊಳ್ಳದ ನೀರು ಅದಕ್ಕೆ ಇಷ್ಟ. ಹಾಗಾಗಿ ಬದಲಾಯಿಸುವ ನಿರ್ಧಾರ ಸರಿಯಾದದ್ದೇ. ತೊಂದರೆ ಆಗುವುದು ಅವಸರದಲ್ಲಿ.

ನಿಮ್ಮ ನೀರಿನಲ್ಲಿ ಈಗಾಗಲೇ ಕರಗಿರುವ ತಾಮ್ರ ಡಬ್ಬಿಯ ಸ್ವಿಚ್ ಆರಿಸಿದ ಮಾತ್ರಕ್ಕೆ ಎಲ್ಲಿಗೂ ಹೋಗಲ್ಲ. ನೀರು ಆವಿಯಾದರೂ ತಾಮ್ರ ಉಳಿಯುತ್ತದೆ. ಅಯೊನೈಜರ್‌ಗೆ ಹೇಳುವ ಮಟ್ಟ ಸುಮಾರು 0.2ರಿಂದ 0.4 ಪಿಪಿಎಂ. ಡಯಲ್ ಮುಟ್ಟದೆ ವರ್ಷಗಟ್ಟಲೆ ಓಡಿಸಿದ ಪೂಲುಗಳಲ್ಲಿ ಅದರ ಎರಡು ಮೂರು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಈಗ ಅದರೊಳಗೆ ಒಂದು ಕ್ಯಾನ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವರೂಪದ ಕ್ಲೋರಿನ್) ಸುರಿದಿರಿ ಅನ್ನಿ. ಹೈಪೋದ ಪಿಎಚ್ 12ರ ಮೇಲೆ. ಅದು ಬಿದ್ದ ಕಡೆ ಪಿಎಚ್ ಏರುತ್ತದೆ, ಕರಗಿದ್ದ ತಾಮ್ರ ನೀರು ಬಿಟ್ಟು ಹೊರಬರುತ್ತದೆ. ಟೈಲ್ಸ್ ಮಧ್ಯದ ಬಿಳಿ ಗ್ರೌಟ್ ನೀಲಿಹಸಿರಾಗುತ್ತದೆ, ಮೆಟ್ಟಿಲ ಅಂಚು, ಡ್ರೈನ್ ಸುತ್ತ ಬೂದುಗಪ್ಪು ಕಲೆ ಕೂರುತ್ತದೆ. ದೇವರ ಮನೆಯ ಚೊಂಬಿಗೆ ಹಿಡಿಯುವ ಕಿಲುಬು ಗೊತ್ತಲ್ಲ, ಇದೂ ಅದೇ ಜಾತಿ. ಮನೆಯಲ್ಲಿ ಅಜ್ಜ ಅಜ್ಜಿ ಈಜುವವರಿದ್ದರೆ ಬಿಳಿಕೂದಲಿಗೂ ಹಸಿರು ಛಾಯೆ ಬರುತ್ತದೆ. ಬೈಗುಳ ಕ್ಲೋರಿನ್‌ಗೆ, ಕೆಲಸ ತಾಮ್ರದ್ದು.

ಇಲ್ಲಿ ಒಂದು ವ್ಯತ್ಯಾಸ ಕಣ್ಣಿಗೆ ರೂಢಿಯಾಗಬೇಕು. ನೀರು ಹಸಿರು, ಆದರೆ ತಳದ ಟೈಲ್ಸ್ ಗೆರೆ ಸ್ಪಷ್ಟವಾಗಿ ಕಾಣುತ್ತಿದೆ ಅಂದರೆ ಅದು ತಾಮ್ರ. ನೀರು ಹಸಿರು, ಮಬ್ಬು, ಗೋಡೆ ಮುಟ್ಟಿದರೆ ಜಾರುತ್ತದೆ ಅಂದರೆ ಪಾಚಿ. ಪಾಚಿಗೆ ಕ್ಲೋರಿನ್ ಜಾಸ್ತಿ ಹಾಕಬೇಕು. ತಾಮ್ರಕ್ಕೆ ಜಾಸ್ತಿ ಹಾಕಿದರೆ ಹಸಿರು ಹೋಗಿ ಕಪ್ಪು ಬರುತ್ತದೆ. ಬಹಳಷ್ಟು ಪೂಲು ಹಾಳಾಗುವುದು ಈ ಎರಡನೇ ಕ್ಯಾನ್‌ನಿಂದ.

ಹಾಗಾದರೆ ಏನು ಮಾಡಬೇಕು? ಮೊದಲು ಅಯೊನೈಜರ್ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಟೈಮರ್ ಇರುತ್ತದೆ, ಇಲ್ಲಾ ಕೇರ್‌ಟೇಕರ್ ಅಭ್ಯಾಸಬಲದಿಂದ ಮತ್ತೆ ಹಾಕುತ್ತಾನೆ. ಆಮೇಲೆ ತಾಮ್ರದ ಟೆಸ್ಟ್ ಕಿಟ್‌ನಿಂದ ಮಟ್ಟ ನೋಡಿ. 0.2ರ ಒಳಗಿದ್ದರೆ ನೀರು ಬದಲಾಯಿಸುವ ತಲೆನೋವು ಬೇಡ. 0.5 ದಾಟಿದ್ದರೆ ಅರ್ಧ ನೀರು ಹೊರಗೆ ಹಾಕುವುದೇ ಅಗ್ಗದ ದಾರಿ. ಅರ್ಧ ತೆಗೆದು ಹೊಸದು ತುಂಬಿದರೆ ತಾಮ್ರವೂ ಅರ್ಧ.

ಅಗ್ಗ ಅಂದೆ, ಬೆಂಗಳೂರಿನಲ್ಲಿ ನೀರು ಅಗ್ಗವಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಹೊರಡಿಸಿ 5,000 ರೂಪಾಯಿ ದಂಡವನ್ನೂ ಹೇಳಿತ್ತು. ಆದ್ದರಿಂದ ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಬೇಡಿ. ಮಳೆಗಾಲ ಕಳೆದ ಮೇಲೆ, ಬೋರ್ ಚೆನ್ನಾಗಿರುವಾಗ ಮಾಡಿ. ಹೊರಗೆ ಬಿಡುವ ನೀರನ್ನು ಕೆರೆಗೆ, ರಾಜಕಾಲುವೆಗೆ, ಮೀನಿನ ಹೊಂಡಕ್ಕೆ ಬಿಡಬಾರದು. ಮೀನಿಗೆ ತಾಮ್ರ ವಿಷ. ತೆಂಗಿನ ಸಾಲಿಗೆ ಹರಡಿ ಬಿಟ್ಟರೆ ಒಂದು ಸಲಕ್ಕೆ ತೊಂದರೆಯಿಲ್ಲ. ಪೂರ್ತಿ ಖಾಲಿ ಮಾಡಲು ಮಾತ್ರ ಹೋಗಬೇಡಿ. ಅಂತರ್ಜಲ ಮೇಲಿರುವ ಜಾಗದಲ್ಲಿ ಖಾಲಿ ಪೂಲನ್ನು ಕೆಳಗಿನ ನೀರು ಎತ್ತಿಬಿಡಬಹುದು, ತಳ ಬಿರುಕು ಬಿಡಬಹುದು.

ತುಂಬುವ ನೀರನ್ನೂ ಪರೀಕ್ಷಿಸಿ. ಇದಕ್ಕೆ ಲ್ಯಾಬ್ ಬೇಕಿಲ್ಲ. ಬಿಳಿ ಬಕೆಟ್‌ನಲ್ಲಿ ಬೋರ್ ನೀರು ಹಿಡಿದು, ಒಂದು ಚಮಚ ಹೈಪೋ ಹಾಕಿ ರಾತ್ರಿ ಬಿಡಿ. ಬೆಳಗ್ಗೆ ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಬಕೆಟ್ ತಳದಲ್ಲಿ ಕಂದು ಪುಡಿ ಕೂತಿದ್ದರೆ ಆ ನೀರಿನಲ್ಲಿ ಕಬ್ಬಿಣ ಇದೆ. ತಾಮ್ರ ಕಳೆದುಕೊಂಡು ಕಬ್ಬಿಣ ತಂದುಕೊಂಡ ಹಾಗಾಗುತ್ತದೆ. ಆಗ ಬೇರೆ ಟ್ಯಾಂಕರ್ ನೋಡಿ, ಇಲ್ಲವೇ ಕಬ್ಬಿಣ ತೆಗೆಯುವ ಫಿಲ್ಟರ್ ಮೂಲಕ ತುಂಬಿಸಿ. ಮಳೆನೀರು ಸಂಗ್ರಹ ಇದ್ದವರು ಪುಣ್ಯವಂತರು.

ಮುಂದೆ ಪಿಎಚ್. ಕ್ಲೋರಿನ್ ಮುಟ್ಟುವ ಮೊದಲು ಅದನ್ನು 7.2ಕ್ಕೆ ಇಳಿಸಿ. 8 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಪೂಲ್ ಅಂದರೆ 50,000 ಲೀಟರ್. 7.8ರಿಂದ 7.2ಕ್ಕೆ ಬರಲು ಅದಕ್ಕೆ ಅಂದಾಜು ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಬೇಕು. ಬೋರ್ ನೀರಿನ ಕ್ಷಾರ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಅರ್ಧ ಹಾಕಿ, ಪಂಪ್ ನಾಲ್ಕು ಗಂಟೆ ಓಡಿಸಿ, ಮತ್ತೆ ನೋಡಿ, ಉಳಿದದ್ದು ಹಾಕಿ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಆಸಿಡ್. ಉಲ್ಟಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ.

ಪಿಎಚ್ ಇಳಿದ ದಿನವೇ ಮೆಟಲ್ ಸೀಕ್ವೆಸ್ಟ್ರೆಂಟ್ ಹಾಕಿ. ಅಂಗಡಿಯಲ್ಲಿ ಇದನ್ನು 'ಮೆಟಲ್ ರಿಮೂವರ್' ಅಂತ ಮಾರುವುದುಂಟು, ಆದರೆ ಅದು ಏನನ್ನೂ ತೆಗೆಯಲ್ಲ. ಉಳಿದ ತಾಮ್ರವನ್ನು ಹಿಡಿದಿಟ್ಟುಕೊಂಡು ಗೋಡೆಗೆ ಕೂರದಂತೆ ನೋಡಿಕೊಳ್ಳುತ್ತದೆ. ಕ್ಲೋರಿನ್ ಅದನ್ನೂ ಮೆಲ್ಲಗೆ ತಿಂದುಹಾಕುತ್ತದೆ, ಹಾಗಾಗಿ ಲೇಬಲ್ ನೋಡಿ ಆಗಾಗ ಮತ್ತೆ ಹಾಕುತ್ತಿರಬೇಕು. ಒಂದು ದಿನ ಪಂಪ್ ಓಡಿಸಿ, ಬ್ಯಾಕ್‌ವಾಷ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯಿರಿ.

ಈಗ ಕ್ಲೋರಿನ್. ಲೆಕ್ಕ ಸುಲಭ: 50,000 ಲೀಟರಿಗೆ 1 ಪಿಪಿಎಂ ಅಂದರೆ 50 ಗ್ರಾಂ ಕ್ಲೋರಿನ್, 10 ಪರ್ಸೆಂಟ್ ಹೈಪೋ ಆದರೆ ಅರ್ಧ ಲೀಟರ್. ಸಂಜೆ ಬಿಸಿಲು ಇಳಿದ ಮೇಲೆ, ಪಂಪ್ ಓಡುತ್ತಿರುವಾಗ, ನೀರು ಹೊರಬರುವ ಜೆಟ್ ಮುಂದೆ ಸಣ್ಣ ಧಾರೆಯಾಗಿ ಸುರಿಯಿರಿ. ಮೊದಲ ಸಂಜೆ ಅರ್ಧ ಲೀಟರ್ ಸಾಕು. ಬೆಳಗ್ಗೆ ಬಿಳಿ ಮಗ್‌ನಲ್ಲಿ ನೀರು ತೆಗೆದು ಬಣ್ಣ ನೋಡಿ. ತಿಳಿಯಾಗಿದ್ದರೆ ಮಾರನೆಯ ಸಂಜೆ ಮತ್ತೆ ಅಷ್ಟೇ. ಹಸಿರು ಛಾಯೆ ಕಂಡರೆ ನಿಲ್ಲಿಸಿ, ಪಿಎಚ್ ನೋಡಿ, ಸೀಕ್ವೆಸ್ಟ್ರೆಂಟ್ ಇನ್ನಷ್ಟು ಹಾಕಿ. ಹೀಗೆ ಮೆಟ್ಟಿಲು ಹತ್ತಿದ ಹಾಗೆ 3 ಪಿಪಿಎಂಗೆ ಬನ್ನಿ. ಹೈಪೋ ಬಿಸಿಲಿಗೆ ಕೆಡುತ್ತದೆ. ಅಂಗಡಿಯ ಮುಂದೆ ಏಪ್ರಿಲ್ ಬಿಸಿಲಲ್ಲಿ ನಿಂತ ಕ್ಯಾನ್‌ನಲ್ಲಿ ಲೇಬಲ್ ಹೇಳಿದಷ್ಟು ಶಕ್ತಿ ಉಳಿದಿರಲ್ಲ.

ಮೊದಲ ಕೆಲವು ದಿನ ಹಾಕಿದ ಕ್ಲೋರಿನ್ ಬೆಳಗಾಗುವುದರಲ್ಲಿ ಮಾಯ. ಜೊತೆಗೆ ಮೂಗಿಗೆ ಹೊಡೆಯುವ ವಾಸನೆ. ಇಲ್ಲೇ ಮನೆಯವರ ಧೈರ್ಯ ಕುಸಿಯುವುದು: "ಕ್ಲೋರಿನ್ ಜಾಸ್ತಿ ಆಯ್ತು, ನಿಲ್ಲಿಸಿ." ಆಗಿರುವುದು ಉಲ್ಟಾ. ತಾಮ್ರ ಸುಡದೆ ಬಿಟ್ಟ ಹಳೆಯ ಬೆವರು, ಮೂತ್ರದ ಜೊತೆ ಸೇರಿ ಕ್ಲೋರಿನ್ ಈಗ ಕ್ಲೋರಮೈನ್ ಆಗಿದೆ. ವಾಸನೆ, ಕಣ್ಣುರಿ ಎರಡೂ ಅದರದ್ದೇ. ನಿಲ್ಲಿಸಬೇಡಿ, 3ರಲ್ಲೇ ಹಿಡಿದಿಟ್ಟುಕೊಳ್ಳಿ. ರಾತ್ರಿ ನೋಡಿದ ಮಟ್ಟಕ್ಕೂ ಸೂರ್ಯ ಹುಟ್ಟುವ ಮೊದಲು ನೋಡಿದ ಮಟ್ಟಕ್ಕೂ 1 ಪಿಪಿಎಂಗಿಂತ ಕಡಿಮೆ ಅಂತರ ಬಂದರೆ ಹಳೆಯ ಬಾಕಿ ತೀರಿತು ಅಂತ ಅರ್ಥ.

ಇದನ್ನು ಅಳೆಯಲು ನಮ್ಮಲ್ಲಿ ಎಲ್ಲರ ಹತ್ತಿರ ಇರುವ ಹಳದಿ ಬಣ್ಣದ ಒಟಿಒ ಡ್ರಾಪ್ಸ್ ಸಾಲದು. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಕೆಲಸ ಮಾಡುವ ಕ್ಲೋರಿನ್ ಎಷ್ಟು, ಕ್ಲೋರಮೈನ್ ಎಷ್ಟು ಅಂತ ಬಿಡಿಸಿ ಹೇಳಲ್ಲ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತಗೊಳ್ಳಿ. ಅದರಲ್ಲೂ ಒಂದು ಮೋಸ ಇದೆ: ಕ್ಲೋರಿನ್ ತೀರಾ ಜಾಸ್ತಿ ಇದ್ದರೆ ಗುಲಾಬಿ ಬಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ, ಸೊನ್ನೆ ಅನ್ನಿಸುತ್ತದೆ. ಸಂಶಯ ಬಂದರೆ ಪೂಲ್ ನೀರಿಗೆ ಅಷ್ಟೇ ಬಾಟಲಿ ನೀರು ಬೆರೆಸಿ ಇನ್ನೊಮ್ಮೆ ನೋಡಿ.

ತಾಮ್ರಕ್ಕೆ ಬಿಸಿಲು ಲೆಕ್ಕಕ್ಕಿಲ್ಲ, ಕ್ಲೋರಿನ್‌ಗೆ ಬಿಸಿಲೇ ಶತ್ರು. ರಕ್ಷಣೆ ಇಲ್ಲದಿದ್ದರೆ ನಡುಹಗಲಲ್ಲಿ ಒಂದು ಗಂಟೆಯೊಳಗೆ ಅರ್ಧ ಹೋಗುತ್ತದೆ. ಅದಕ್ಕೆ ಸಯನೂರಿಕ್ ಆಸಿಡ್ ಬೇಕು, 30 ಪಿಪಿಎಂ, ಅಂದರೆ ನಮ್ಮ 50,000 ಲೀಟರಿಗೆ ಒಂದೂವರೆ ಕೆಜಿ. ಹಳೆಯ ಕಾಲುಚೀಲದಲ್ಲಿ ತುಂಬಿ ಜೆಟ್ ಮುಂದೆ ಕಟ್ಟಿ, ಆಗಾಗ ಹಿಚುಕಿ. ಕರಗಲು ದಿನಗಟ್ಟಲೆ ತಗೊಳ್ಳುತ್ತದೆ.

ಹೈಪೋ ರಗಳೆ ಬೇಡ, ಟಿಸಿಸಿಎ ಮಾತ್ರೆ (ನಿಧಾನಕ್ಕೆ ಕರಗುವ ಕ್ಲೋರಿನ್ ಮಾತ್ರೆ) ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ರಜಕ್ಕೆ ಊರಿಗೆ ಹೋಗುವಾಗ ಹಾಕಿ, ದಿನಾ ಬೇಡ. ಆ ಮಾತ್ರೆ 10 ಪಿಪಿಎಂ ಕ್ಲೋರಿನ್ ಕೊಡುವಾಗ 6 ಪಿಪಿಎಂ ಸಯನೂರಿಕ್ ಆಸಿಡ್ ಕೂಡ ಬಿಡುತ್ತದೆ. ದಿನಕ್ಕೆ 2 ಪಿಪಿಎಂ ಬಳಸಿದರೂ ತಿಂಗಳಿಗೆ 36 ಸೇರಿತು. ಸಯನೂರಿಕ್ ಆಸಿಡ್ ಅತಿಯಾದರೆ ಕ್ಲೋರಿನ್‌ನ್ನು ಕಟ್ಟಿಹಾಕುತ್ತದೆ; ಆರು ತಿಂಗಳಲ್ಲಿ ಕ್ಲೋರಿನ್ ಇದ್ದೂ ಇಲ್ಲದ ಹಾಗೆ, ಮತ್ತೆ ನೀರು ಚೆಲ್ಲಬೇಕು. ಮಾತ್ರೆ ಆಮ್ಲೀಯವೂ ಹೌದು. ನೀರು ಬಿಸಿ ಮಾಡುವ ತಾಮ್ರದ ಕಾಯಿಲ್ ಇದ್ದರೆ ಅದನ್ನೇ ಕೊರೆದು ತಾಮ್ರವನ್ನು ಮತ್ತೆ ಪೂಲಿಗೆ ತರುತ್ತದೆ.

ಆಗಲೇ ಕಲೆ ಕೂತಿದ್ದರೆ? ಮೆಟ್ಟಿಲ ಮೇಲಿನ ಕಲೆಯ ಮೇಲೆ ವಿಟಮಿನ್ ಸಿ ಮಾತ್ರೆ ಇಟ್ಟು ಉಜ್ಜಿ. ತಕ್ಷಣ ಬಿಳಿಯಾದರೆ ಅದು ಬಹುಶಃ ಕಬ್ಬಿಣ. ತಾಮ್ರದ ಕಲೆ ಸಿಟ್ರಿಕ್ ಆಸಿಡ್‌ಗೆ ಹೆಚ್ಚು ಬಗ್ಗುತ್ತದೆ. ಹುಣಸೆಹಣ್ಣಿನಿಂದ ಚೊಂಬು ತಿಕ್ಕುವಾಗ ಕೆಲಸ ಮಾಡುವುದೂ ಇಂಥ ಹುಳಿಯೇ.

ಅಮೆರಿಕದಲ್ಲಿರುವ ನಮ್ಮವರ ಪ್ರಶ್ನೆ ಬೇರೆ. ಅಲ್ಲಿ ಕ್ಲೋರಿನ್ ಬದಲು ಬ್ಯಾಕ್ವಾಸಿಲ್‌ನಂಥ ಬೈಗ್ವನೈಡ್ ಬಳಸುವ ಮನೆ ಪೂಲುಗಳಿವೆ. ಅದರಿಂದ ಬದಲಾಯಿಸುವ ದಾರಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಕ್ಲೋರಿನ್‌ನ್ನು ಸುಮಾರು 15 ಪಿಪಿಎಂಗೆ ಏರಿಸಿ, ಬೈಗ್ವನೈಡ್ ಪೂರ್ತಿ ಸುಟ್ಟುಹೋಗುವ ತನಕ ದಿನಗಟ್ಟಲೆ ಹಿಡಿದಿಡಬೇಕು. ನೀರು ಹಳದಿ, ಕಂದು, ಹಸಿರು ಎಲ್ಲ ಆಗುತ್ತದೆ, ಗಾಬರಿ ಬೇಡ. ಅದು ಮುಗಿಯುವ ತನಕ ಸಯನೂರಿಕ್ ಆಸಿಡ್ ಹಾಕಬಾರದು, ಅದರ ಟೆಸ್ಟೂ ಸುಳ್ಳು ಹೇಳುತ್ತದೆ. ಕೊನೆಗೆ ಫಿಲ್ಟರಿನ ಮರಳು ಬದಲಾಯಿಸಿ. ಬ್ರೋಮಿನ್ ಪೂಲ್ ಆದರೆ ಕಥೆ ಚಿಕ್ಕದು: ಕ್ಲೋರಿನ್ ಹಾಕಿದಷ್ಟೂ ನೀರಿನಲ್ಲಿ ಉಳಿದ ಬ್ರೋಮೈಡ್ ಮತ್ತೆ ಬ್ರೋಮಿನ್ ಆಗುತ್ತಲೇ ಇರುತ್ತದೆ, ನೀರು ಬದಲಾಯಿಸದೆ ವಿಧಿಯಿಲ್ಲ.

ಪಂಪ್ ರೂಮಿನ ವಿಷಯ ಕೇರ್‌ಟೇಕರ್‌ಗೆ ಕೂರಿಸಿಕೊಂಡು ಹೇಳಿ. ಇಷ್ಟು ದಿನ ಅಲ್ಲಿ ಡಬ್ಬಿ ಮಾತ್ರ ಇತ್ತು, ಇನ್ನು ಹೈಪೋ, ಆಸಿಡ್, ಮಾತ್ರೆ ಎಲ್ಲ ಇರುತ್ತದೆ. ಹೈಪೋಗೆ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್, ಬ್ಲೀಚಿಂಗ್ ಪೌಡರಿಗೆ ಟಿಸಿಸಿಎ ಬೆರೆತರೆ ಬೆಂಕಿ ಅಥವಾ ಸ್ಫೋಟ. ಒಂದೇ ಮಗ್‌ನಲ್ಲಿ ಎರಡನ್ನೂ ಅಳೆಯುವ ಅಭ್ಯಾಸ ಎಲ್ಲ ಕಡೆ ಇದೆ, ಅದನ್ನು ಮೊದಲು ಬಿಡಿಸಿ. ಹೈಪೋಗೆ ನೀಲಿ ಮಗ್, ಆಸಿಡ್‌ಗೆ ಕೆಂಪು ಮಗ್, ಮಾತ್ರೆಗೆ ಒಣಗಿದ ಬೇರೆ ಡಬ್ಬ. ಆಸಿಡ್ ಕ್ಯಾನ್ ಪಂಪ್ ರೂಮಿನ ಹೊರಗೆ, ನೆರಳಿನಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಲಿ.