ಬಿಡಿ ಸಾಮಾನು: ಆಟದ ಅಂಗಳದ ಒಂದು ಪದ

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಹೂವು ಎರಡು ರೀತಿಯಲ್ಲಿ ಸಿಗುತ್ತದೆ: ಬಿಡಿ ಹೂವು, ಕಟ್ಟಿದ ಹೂವು. ಕಟ್ಟಿದ ಹೂವಿನ ಕೆಲಸ ಕಟ್ಟಿದವರ ಕೈಯಲ್ಲೇ ತೀರ್ಮಾನವಾಗಿರುತ್ತದೆ, ಮುಡಿಗೋ ದೇವರ ಪಟಕ್ಕೋ. ಬಿಡಿ ಹೂವು ತಂದವರು ಮಾಲೆ ಕಟ್ಟಬಹುದು, ರಂಗೋಲಿಗೆ ಎಸಳು ತುಂಬಬಹುದು, ಅರ್ಚನೆಗೆ ಇಟ್ಟುಕೊಳ್ಳಬಹುದು. ಮಗುವಿನ ಕೈಗೆ ಸಿಕ್ಕರೆ ಅದೇ ಹೂವು ಅಡುಗೆ ಆಟದ ಅನ್ನವೂ ಆಗುತ್ತದೆ. ಶಾಲೆ, ಅಂಗನವಾಡಿಗಳ ಆಟದ ಅಂಗಳ ರೂಪಿಸುವವರು ‘ಲೂಸ್ ಪಾರ್ಟ್ಸ್’ ಎಂದು ಕರೆಯುವುದು ಇಂಥ ಬಿಡಿ ವಸ್ತುಗಳನ್ನು.

ಕೆಲವರು ಇದನ್ನು ಕನ್ನಡದಲ್ಲಿ ‘ಬಿಡಿಭಾಗ’ ಎನ್ನುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಬಿಡಿಭಾಗ ಎಂದೊಡನೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಬೋರ್ಡು ಕಣ್ಣ ಮುಂದೆ ಬರುತ್ತದೆ. ಅಲ್ಲಿ ಮಾರುವ ಭಾಗಕ್ಕೆ ಯಂತ್ರದೊಳಗೆ ಒಂದೇ ಜಾಗ, ಬೇರೆಲ್ಲೂ ಅದು ಕೂರುವುದಿಲ್ಲ. ಆಟದ ವಸ್ತುವಿಗೆ ಹಾಗೆ ಗೊತ್ತಾದ ಜಾಗ ಇರಬಾರದು. ಮಗು ಅದನ್ನು ಎತ್ತಿಕೊಂಡು ಹೋಗುವಂತಿರಬೇಕು. ಜೋಡಿಸಿ, ಕೆಡವಿ, ಮತ್ತೆ ಜೋಡಿಸುವಂತಿರಬೇಕು. ಹೀಗೇ ಆಡು ಎಂದು ಆ ವಸ್ತು ಹೇಳಬಾರದು. ಅದಕ್ಕೇ ನಾನು ‘ಬಿಡಿ ಸಾಮಾನು’ ಎನ್ನುತ್ತೇನೆ.

‘ಲೂಸ್ ಪಾರ್ಟ್ಸ್’ ಎಂಬ ಪದವನ್ನು ಬಳಕೆಗೆ ತಂದವರು ಸೈಮನ್ ನಿಕೋಲ್ಸನ್. ಶಿಲ್ಪಿ ಬಾರ್ಬರಾ ಹೆಪ್‌ವರ್ತ್, ಚಿತ್ರಕಾರ ಬೆನ್ ನಿಕೋಲ್ಸನ್ ಅವರ ಮಗ. 1971ರಲ್ಲಿ ಭೂದೃಶ್ಯ ವಿನ್ಯಾಸದ ಒಂದು ಅಮೆರಿಕನ್ ಪತ್ರಿಕೆಗೆ ಬರೆದ ಲೇಖನದಲ್ಲಿ ಅವರು ವಿನ್ಯಾಸಕಾರರ ಮೇಲೆ ನೇರವಾಗಿಯೇ ದೂರು ಹೊರಿಸಿದರು. ಯೋಚಿಸುವ, ಕಟ್ಟುವ, ಬದಲಿಸಿ ನೋಡುವ ಸಂತೋಷವನ್ನೆಲ್ಲ ದೊಡ್ಡವರೇ ಅನುಭವಿಸಿ, ಮುಗಿದುಹೋದ ವಸ್ತುವನ್ನು ಮಕ್ಕಳ ಮುಂದಿಡುವುದು ಮೋಸ ಎಂಬುದು ಅವರ ಮಾತಿನ ತಿರುಳು. ಒಂದು ಜಾಗದಲ್ಲಿ ಬದಲಾಗಬಲ್ಲ ಸಂಗತಿಗಳು ಎಷ್ಟು ಹೆಚ್ಚೋ, ಎಷ್ಟು ಬಗೆಯವೋ, ಅಲ್ಲಿ ಹೊಸದನ್ನು ಕಂಡುಕೊಳ್ಳುವ ಸಾಧ್ಯತೆಯೂ ಅಷ್ಟೇ ಹೆಚ್ಚು ಎಂದರು. ಅವರ ಪಟ್ಟಿಯಲ್ಲಿ ಬರೀ ವಸ್ತುಗಳಿರಲಿಲ್ಲ. ನೀರು, ಗಾಳಿ, ಸದ್ದು, ವಾಸನೆ, ಗುರುತ್ವ, ಗಿಡ, ಪ್ರಾಣಿ, ಜೊತೆಗಾರರು, ಮಾತು, ಎಲ್ಲವೂ ಇದ್ದವು. ಇವತ್ತು ‘ಲೂಸ್ ಪಾರ್ಟ್ಸ್ ಕಿಟ್’ ಎಂದು ನುಣುಪು ಮರದ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವವರು ಆ ಪಟ್ಟಿಯ ಬಹುಪಾಲನ್ನು ಬಿಟ್ಟೇಬಿಟ್ಟಿದ್ದಾರೆ.

ಪದ ಹುಟ್ಟುವ ಮೊದಲೇ ಕೆಲಸ ಶುರುವಾಗಿತ್ತು. ತಾನು ವಿನ್ಯಾಸ ಮಾಡಿದ ಆಟದ ಮೈದಾನಗಳಿಗಿಂತ ಕಟ್ಟಡ ಏಳುತ್ತಿರುವ ಜಾಗಗಳಲ್ಲೇ ಮಕ್ಕಳು ಹೆಚ್ಚು ಆಡುತ್ತಾರೆ ಎಂಬುದನ್ನು ಡೆನ್ಮಾರ್ಕಿನ ಸಿ. ಟಿ. ಸೋರೆನ್ಸೆನ್ ಗಮನಿಸಿದ್ದರು. 1943ರಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ ಹಲಗೆ, ಇಟ್ಟಿಗೆ, ಮಣ್ಣುಗಳ ಆಟದ ಅಂಗಳ ತೆರೆಯಿತು.

ಸೋರೆನ್ಸೆನ್ ಕಂಡದ್ದನ್ನು ನಾನು ಶಿಡ್ಲಘಟ್ಟದ ಕಡೆ ಒಂದು ಅಂಗನವಾಡಿಯಲ್ಲಿ ಕಂಡೆ. ದಾನಿಗಳು ಕೊಡಿಸಿದ ಜಾರುಬಂಡೆ ಅಂಗಳದ ನಡುವೆ ಥಳಥಳ ಹೊಳೆಯುತ್ತಿತ್ತು. ಮಕ್ಕಳೆಲ್ಲ ಇದ್ದದ್ದು ಮೂಲೆಯಲ್ಲಿ, ಕಾಂಪೌಂಡ್ ರಿಪೇರಿಗೆ ತಂದು ಸುರಿದಿದ್ದ ಮರಳ ರಾಶಿಯ ಮೇಲೆ. ಜಾರುಬಂಡೆ ಬಂದ ಹೊಸದರಲ್ಲಿ ಸಾಲು ನಿಂತು ಜಾರಿದ್ದರಂತೆ. ಆಮೇಲೆ ಅದರಲ್ಲಿ ಮಾಡುವುದಕ್ಕೆ ಹೊಸತೇನೂ ಉಳಿದಿರಲಿಲ್ಲ. ಮರಳಲ್ಲಾದರೆ ಕೆರೆ ತೋಡಬಹುದು, ಕಾಲು ಹೂತು ಗುಬ್ಬಚ್ಚಿ ಗೂಡು ಮಾಡಬಹುದು, ಕೂತು ಜಗಳವನ್ನೂ ಆಡಬಹುದು. ಮತ್ತೊಂದು ಸಲ ಹೋದಾಗ, ತಾಯಿಯೊಬ್ಬರು ಮನೆಯಲ್ಲಿದ್ದ ಹಳೆಯ ಟೊಮೆಟೊ ಕ್ರೇಟುಗಳನ್ನು ತಂದುಕೊಟ್ಟಿದ್ದರು. ಕೋಲಾರದ ಮಂಡಿಗೆ ಹದಿನೈದು ಕೆ.ಜಿ. ತುಂಬಿಕೊಂಡು ಹೋಗುತ್ತವಲ್ಲ, ಅವೇ. ನಾಲ್ಕನ್ನು ಸಾಲಾಗಿಟ್ಟು ಒಬ್ಬ ಹುಡುಗ “ಚಿಂತಾಮಣಿ, ಚಿಂತಾಮಣಿ, ಹತ್ರೀ ಬೇಗ” ಎಂದು ಕೂಗುತ್ತಿದ್ದ. “ಮಿಸ್, ನಿಮ್ಮ ಟಿಕೆಟು?” ಎಂದು ನನ್ನನ್ನೂ ಕೇಳಿದ, ಹೊಂಗೆ ಎಲೆ ಹರಿದುಕೊಟ್ಟ. ಊಟದ ಹೊತ್ತಿಗೆ ಬಸ್ಸು ಕೊಟ್ಟಿಗೆಯಾಗಿತ್ತು, ಹಿಂದಿನ ಸೀಟಿನಲ್ಲಿದ್ದವಳು ಹಸುವಾಗಿದ್ದಳು.

ಹಾಗೆಂದು ಜಾರುಬಂಡೆ, ಉಯ್ಯಾಲೆ ಬೇಡವೆನ್ನಲಾರೆ. ಹತ್ತುವುದು, ಜೋತಾಡುವುದು, ತೂಗುವುದು ಮೈಗೆ ಬೇಕು, ಕ್ರೇಟಿನಿಂದ ಅದು ದಕ್ಕದು. ಆದರೆ ಇರುವ ಹಣವೆಲ್ಲ ನೆಟ್ಟ ಸಲಕರಣೆಗೆ ಹೋಗಿ, ಅದರ ಕೆಳಗೆ ಕಾಂಕ್ರೀಟ್ ಉಳಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿ ಪ್ರಕಾರ, 4 ಅಡಿ ಎತ್ತರದಿಂದ ಬೀಳುವ ಮಗುವಿಗೆ ಕನಿಷ್ಠ 9 ಅಂಗುಲ ಸಡಿಲ ಮರಳು ಬೇಕು. ತುಳಿದು ಇಳಿಯುವುದರಿಂದ ಮೊದಲಿಗೆ 12 ಅಂಗುಲ ಹಾಕಬೇಕು. ನಮ್ಮಲ್ಲಿ ಈಗ ಸುಲಭಕ್ಕೆ ಸಿಗುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಅದರ ಸಣ್ಣ ಪುಡಿ ನೀರು ಬಿದ್ದು ಒಣಗಿದರೆ ಬಿಗಿದುಕೊಳ್ಳುತ್ತದೆ. ಅದನ್ನೇ ಹಾಕಬೇಕಾಗಿ ಬಂದರೆ ಪುಡಿ ತೊಳೆದು ತೆಗೆದದ್ದನ್ನು ಹಾಕಿ, ಆಗಾಗ ಗುದ್ದಲಿಯಿಂದ ಕೆದಕುತ್ತಿರಬೇಕು.

ಬಿಡಿ ಸಾಮಾನಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕ್ರೇಟು, ಹಳೆಯ ಡ್ರಿಪ್ ಪೈಪು, ಪಿವಿಸಿ ತುಂಡು, ತೆಂಗಿನ ಚಿಪ್ಪು, ಸೋಗೆ, ಗೋಣಿಚೀಲ, ಶ್ರೀನಿವಾಸಪುರದ ಕಡೆಯಾದರೆ ಒಣಗಿದ ಮಾವಿನ ಓಟೆ. ಹಿಪ್ಪುನೇರಳೆ ಕಡ್ಡಿಯಂತೂ ಗುಡಿಸಲು ಕಟ್ಟಲು, ಬೇಲಿ ಹೆಣೆಯಲು ಹೇಳಿ ಮಾಡಿಸಿದ್ದು. ಆದರೆ ರೇಷ್ಮೆ ಹುಳುವಿನ ಹಾಸಿಗೆಯಿಂದ ತೆಗೆದ ಕಡ್ಡಿ ಬೇಡ, ಅದಕ್ಕೆ ಸುಣ್ಣ, ಸೋಂಕುನಿವಾರಕ ಪುಡಿ ಮೆತ್ತಿರುತ್ತದೆ. ತೋಟದಲ್ಲಿ ಸವರಿದ ಕಡ್ಡಿಯನ್ನು, ಅದೂ ಔಷಧಿ ಹೊಡೆಯದ ಗಿಡದ್ದನ್ನು, ಚೂಪು ಸವರಿ ಕೊಡಬೇಕು. ಹುಳು ಗೂಡು ಕಟ್ಟಲು ಬಿಡುವ ತಟ್ಟೆ, ಅಂದರೆ ಚಂದ್ರಿಕೆ, ಹಳೆಯದಾದರೂ ಬೇಡ, ಹುಳುಮನೆಯ ಸಾಮಾನಿಗೆಲ್ಲ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ತಾಗಿರುತ್ತದೆ. ಕೀಟನಾಶಕದ ಡಬ್ಬವನ್ನು ಎಷ್ಟು ತೊಳೆದರೂ ಅಂಗಳದೊಳಗೆ ಬಿಡಕೂಡದು. ಗುಲಗಂಜಿ, ಹರಳು ಬೀಜ, ಕಣಗಿಲೆ ವಿಷ. ಮಕ್ಕಳಿಗೆ ಗುಲಗಂಜಿಯ ಬಣ್ಣ ಕಂಡರೆ ಆಸೆ, ಆದ್ದರಿಂದ ಬೇಲಿಯಲ್ಲಿ ಆ ಬಳ್ಳಿ ಇದೆಯೇ ಎಂದು ಮೊದಲು ನೋಡಬೇಕು.

ಹುಣಸೆ ಬೀಜದ ಮಾತು ಬೇರೆ. ನಾವೆಲ್ಲ ಅದರಲ್ಲೇ ಆಡಿ ಬೆಳೆದವರು, ಆದರೂ ಚಿಕ್ಕ ಮಕ್ಕಳು ಅದನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ 31.7 ಮಿ.ಮೀ. ಅಗಲದ ಒಂದು ಪುಟ್ಟ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಮೂರು ವರ್ಷದೊಳಗಿನವರ ಕೈಗೆ ಕೂಡದು. ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರಗಳಾದ ಕೂಸಿನ ಮನೆಗಳಲ್ಲಿ ಈ ವಯಸ್ಸಿನವರೇ ಇರುವುದು. ಅಲ್ಲಿಗೆ ಚಿಪ್ಪು, ಬಟ್ಟೆ, ದೊಡ್ಡ ಡಬ್ಬಗಳೇ ಸಾಕು.

ಹಾಗಾದರೆ ವಿನ್ಯಾಸದ ಕೆಲಸ ಎಲ್ಲಿದೆ? ಮುಖ್ಯವಾಗಿ ನೆಲದಲ್ಲಿ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದರೆ ಗುಂಡಿ ತೋಡುವುದು, ಕಡ್ಡಿ ನೆಡುವುದು, ನೀರು ಹರಿಸುವುದು ಅಲ್ಲಿಗೆ ಮುಗಿಯಿತು. ಬಾಗಿಲಿಂದ ಗೇಟಿನವರೆಗೆ ಕಾಲುದಾರಿಗೆ ಹಾಸಿ, ಉಳಿದದ್ದನ್ನು ಮಣ್ಣಾಗಿಯೇ ಬಿಡಬೇಕು. ಹೊಂಗೆಯ ನೆರಳಲ್ಲಿ ಒಂದಡಿ ಎತ್ತರಕ್ಕೆ ಚಪ್ಪಡಿ ಕೂರಿಸಿದರೆ ಅದು ಅಂಗಡಿ, ಒಲೆ, ವೇದಿಕೆ ಎಲ್ಲವೂ ಆಗುತ್ತದೆ. ಬೋರ್‌ವೆಲ್ ಬತ್ತುವ ಊರಲ್ಲಿ ಆಟಕ್ಕೆ ನೀರೇ ಎಂದು ಕೇಳುತ್ತಾರೆ. ದಿನಕ್ಕೆ ಎರಡು ಬಕೆಟ್ ಸಾಕು. ಅಂಗಳದ ಇಳಿಜಾರು ಗಿಡದ ಪಾತಿಯ ಕಡೆಗಿದ್ದರೆ ಆಡಿದ ನೀರು ನುಗ್ಗೆ ಬುಡಕ್ಕೇ ಹೋಗುತ್ತದೆ.

ಇನ್ನು ಟೀಚರುಗಳ ದೊಡ್ಡ ಚಿಂತೆ, ಮೇಲ್ವಿಚಾರಕರು ಬಂದಾಗ ಅಂಗಳ ಹರಡಿಕೊಂಡಿದ್ದರೆ ಏನು ಹೇಳುವುದು ಎಂಬುದು. ಇದು ನ್ಯಾಯವಾದ ಚಿಂತೆ, ಬೈಸಿಕೊಳ್ಳುವವರು ಅವರೇ ತಾನೆ. ಗೋಡೆಗೆ ಒತ್ತಿ, ಮಕ್ಕಳ ಎದೆಮಟ್ಟಕ್ಕೆ, ಶೀಟಿನ ನೆರಳಿರುವ ಕಲ್ಲಿನ ಗೂಡು ಕಟ್ಟಿಸಿ. ಯಾವ ಗೂಡಿಗೆ ಏನು ಎಂದು ಗೋಡೆ ಮೇಲೆ ಚಿತ್ರ ಬರೆಸಿ. ಆ ಅಂಗನವಾಡಿಯಲ್ಲಿ ಈಗ ಮನೆಗೆ ಹೊರಡುವ ಮುನ್ನ ಹತ್ತು ನಿಮಿಷ ಎತ್ತಿಡುವ ಹೊತ್ತು. ಪೈಪುಗಳನ್ನು ಉದ್ದದ ಪ್ರಕಾರ ಜೋಡಿಸುವುದು ಯಾರು ಎಂಬುದಕ್ಕೇ ದಿನಾ ಪೈಪೋಟಿ ನಡೆಯುತ್ತದೆ.