ತಂಬ್ ಬರ್ತಿಲ್ಲ: ಸವೆದ ಬೆರಳಿಗೂ ಯಂತ್ರಕ್ಕೂ ಯಾಕೆ ಒಗ್ಗಲ್ಲ

ಮದ್ದೂರು, ಪಾಂಡವಪುರ ಕಡೆಯ ನ್ಯಾಯಬೆಲೆ ಅಂಗಡಿಗಳಲ್ಲಿ ಪಡಿತರ ಕೊಡುವ ದಿನ ‘ತಂಬ್ ಬರ್ತಿಲ್ಲ ಕಣವ್ವ, ಇನ್ನೊಂದ್ ಬೆರಳು ಕೊಡು’ ಅನ್ನುವ ಮಾತು ಕೇಳದೆ ಇರದು. ಅಜ್ಜಿಯರು ಬೆರಳನ್ನು ಸೆರಗಿಗೆ ಒರೆಸುತ್ತಾರೆ, ಹಣೆಗೆ ಉಜ್ಜುತ್ತಾರೆ, ಮತ್ತೆ ಒತ್ತುತ್ತಾರೆ. ಹಿಂದೆ ನಿಂತವರ ಗೊಣಗಾಟ ಶುರುವಾಗುತ್ತದೆ. ಕೊನೆಗೆ ಎಲ್ಲರೂ ಸೇರಿ ತೀರ್ಮಾನ ಮಾಡುವುದು ಒಂದೇ: ಬೆರಳು ಸವೆದುಹೋಗಿದೆ. ಇದು ಅರ್ಧ ಮಾತ್ರ ನಿಜ. ಬೆರಳು, ಯಂತ್ರದ ಗಾಜು, ಆಧಾರ್‌ನ ಹಳೆಯ ದಾಖಲೆ, ನೆಟ್‌ವರ್ಕ್, ಈ ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ಬೈಸಿಕೊಳ್ಳುವುದು ಬೆರಳೇ.

ಬೆರಳಿನ ಗೆರೆಗಳು ಮೂಡುವುದು ತಾಯಿಯ ಹೊಟ್ಟೆಯಲ್ಲಿ. ಮೂರನೇ ತಿಂಗಳ ಹೊತ್ತಿಗೆ ಶುರುವಾಗಿ ಆರನೇ ತಿಂಗಳಿಗೆ ನೆಲೆಯಾಗುತ್ತವೆ. ಅವುಗಳ ಅಚ್ಚು ಇರುವುದು ನಮಗೆ ಕಾಣುವ ಮೇಲ್ಮೈಯಲ್ಲಲ್ಲ, ಹೊರಚರ್ಮ ಒಳಚರ್ಮ ಎರಡೂ ಕೂಡುವ ಗಡಿಯಲ್ಲಿ. ಹಾಗಾಗಿ ಮೇಲಿನ ಪದರ ಸವೆದರೂ ಒಳಗಿನಿಂದ ಹೊಸ ಪದರ ಅದೇ ವಿನ್ಯಾಸ ಹೊತ್ತು ಮೇಲೆ ಬರುತ್ತದೆ. ಕೈಗೆ ಬಿಡುವು ಸಿಕ್ಕರೆ ಇದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಒಳಚರ್ಮದವರೆಗೆ ಇಳಿದ ಕುಡುಗೋಲಿನ ಗಾಯ ಅಥವಾ ಆಳವಾದ ಸುಟ್ಟ ಗಾಯ ಮಾತ್ರ ಶಾಶ್ವತ ಕಲೆ ಬಿಡುತ್ತದೆ.

ಬಿಡುವು ಸಿಗುವುದಿಲ್ಲ ಅನ್ನುವುದೇ ಇಲ್ಲಿನ ತೊಂದರೆ. ಕಬ್ಬಿನ ಸೋಗೆಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಿವೆ, ಎಲೆಯೊಳಗೆ ಸಿಲಿಕಾ ಇದೆ. ಮರಳಿನಲ್ಲಿರುವುದೂ ಇದೇ ಸಿಲಿಕಾ. ಸೋಗೆ ಸುಲಿಯುವ ಕೈಗೆ ದಿನವಿಡೀ ಅದೇ ಉಜ್ಜುಕಾಗದ. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಹಾಕುವ ಸುಣ್ಣ ಕಟು ಕ್ಷಾರ. ಸುಣ್ಣದ ತಿಳಿಯ ಪಿಎಚ್ 12ರ ಆಸುಪಾಸು ಇರುತ್ತದೆ. ಅದು ಚರ್ಮದ ಜಿಡ್ಡನ್ನು ತೆಗೆದು, ಮೇಲಿನ ಗಡಸು ಕೆರಾಟಿನ್ ಪದರವನ್ನು ಸಡಿಲ ಮಾಡುತ್ತದೆ. ಗಾರೆ ಕೆಲಸದವರ ಕೈಗೆ ಸಿಮೆಂಟ್ ಮಾಡುವುದೂ ಇದನ್ನೇ. ಮೈಸೂರಿನಲ್ಲಿ ಊದುಬತ್ತಿ ಹೊಸೆಯುವ ಹೆಂಗಸರದು ಇನ್ನೊಂದು ಥರ: ಇದ್ದಿಲ ಪುಡಿಯೂ ಜಿಗಟೂ ಕಲಸಿದ ಹಿಟ್ಟು ಗೆರೆಗಳ ನಡುವಿನ ಸಂದಿಯಲ್ಲಿ ಕೂತುಬಿಡುತ್ತದೆ. ಅಲ್ಲಿ ಗೆರೆ ಸವೆದಿರುವುದಿಲ್ಲ, ಮುಚ್ಚಿಹೋಗಿರುತ್ತದೆ. ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಯಂತ್ರ ಬೆರಳಿನ ಚಿತ್ರವನ್ನು ಇಡಿಯಾಗಿ ಹೋಲಿಸಿ ನೋಡುವುದಿಲ್ಲ. ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎರಡಾಗಿ ಕವಲೊಡೆಯುತ್ತದೆ ಎಂಬ ಬಿಂದುಗಳನ್ನು ಗುರುತು ಹಾಕಿಕೊಂಡು, ಅವುಗಳ ಜಾಗ, ದಿಕ್ಕು ದಾಖಲೆಯೊಡನೆ ಕೂಡುತ್ತವೆಯೇ ಎಂದು ಲೆಕ್ಕ ಹಾಕುತ್ತದೆ. ಇಂಥ ಸ್ಕ್ಯಾನರ್ ಸಾಮಾನ್ಯವಾಗಿ ಇಂಚಿಗೆ 500 ಚುಕ್ಕಿ ಓದುತ್ತದೆ. ಒಂದು ಗೆರೆಯಿಂದ ಪಕ್ಕದ ಗೆರೆಗೆ ಸುಮಾರು ಅರ್ಧ ಮಿಲಿಮೀಟರ್ ದೂರ, ಅಂದರೆ ಚಿತ್ರದಲ್ಲಿ ಬರೀ 9–10 ಚುಕ್ಕಿ. ವಯಸ್ಸಾದ ಬೆರಳಿನಲ್ಲಿ ಅಡ್ಡಡ್ಡ ಸುಕ್ಕು ಬಿದ್ದು ಗೆರೆಗಳನ್ನು ಕತ್ತರಿಸಿದರೆ, ಕತ್ತರಿಸಿದ ಪ್ರತಿ ಕಡೆಯನ್ನೂ ಯಂತ್ರ ‘ಇಲ್ಲಿ ಗೆರೆ ಮುಗಿಯಿತು’ ಅಂದುಕೊಳ್ಳುತ್ತದೆ. ನಿಜವಾದ ಬಿಂದುಗಳು ಸುಳ್ಳು ಬಿಂದುಗಳ ಸಂತೆಯಲ್ಲಿ ಕಳೆದುಹೋಗುತ್ತವೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆದಾಗ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅವರಂಥವರು ಅಚ್ಚುಗಳನ್ನು ಕಣ್ಣಿಟ್ಟು ವಿಂಗಡಿಸುತ್ತಿದ್ದರು. ಸುಕ್ಕು ಯಾವುದು, ಗೆರೆ ಯಾವುದು ಎಂದು ಪಳಗಿದ ಕಣ್ಣಿಗೆ ತಿಳಿಯುತ್ತದೆ. ಸೊಸೈಟಿ ಯಂತ್ರಕ್ಕೆ ಆ ವ್ಯವಧಾನ ಎಲ್ಲಿಂದ ಬರಬೇಕು?

ಇನ್ನು ಗಾಜಿನ ವಿಷಯ. ಹೆಚ್ಚಿನ ಸ್ಕ್ಯಾನರ್‌ಗಳಲ್ಲಿ ಗಾಜಿನ ಪಟ್ಟಕದೊಳಗಿನಿಂದ ಬೆಳಕು ಓರೆಯಾಗಿ ಮೇಲ್ಮೈಗೆ ಬೀಳುತ್ತದೆ. ಗಾಜಿನ ಆಚೆ ಗಾಳಿ ಇದ್ದರೆ, ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. ಗೆರೆ ಗಾಜಿಗೆ ಅಂಟಿದ ಕಡೆ ಮಾತ್ರ ಬೆಳಕು ಚರ್ಮದೊಳಕ್ಕೆ ಸೋರಿಹೋಗಿ ಅಲ್ಲಿ ಕಪ್ಪು ಗೆರೆ ಕಾಣುತ್ತದೆ. ಸಂದಿಗಳಲ್ಲಿ ಗಾಳಿ ಇರುವುದರಿಂದ ಅಲ್ಲಿ ಬಿಳುಪು. ಈಗ ಬೆರಳು ಒದ್ದೆಯಾಗಿದೆ ಅನ್ನಿ. ಸಂದಿಗಳಲ್ಲಿ ಗಾಳಿಯ ಬದಲು ನೀರು ನಿಲ್ಲುತ್ತದೆ. ನೀರಿದ್ದರೆ ಬೆಳಕು ಪುಟಿಯಬೇಕಾದ ಕೋನ 60 ಡಿಗ್ರಿ ದಾಟುತ್ತದೆ. ಹಾಗಾಗಿ ಸಂದಿಯಲ್ಲೂ ಬೆಳಕು ಸೋರಿ ಚಿತ್ರವೆಲ್ಲ ಮಸಿ ಚೆಲ್ಲಿದ ಹಾಗಾಗುತ್ತದೆ. ಬೆರಳು ಒಣಗಿ ಒರಟಾಗಿದ್ದರೆ ಇದರ ತಿರುಗುಮುರುಗು: ಗೆರೆಯೇ ಗಾಜಿಗೆ ಸರಿಯಾಗಿ ಕೂರುವುದಿಲ್ಲ, ಗೆರೆಗಳೆಲ್ಲ ತುಂಡು ತುಂಡು.

ಹಣೆಗೆ ಬೆರಳು ಉಜ್ಜುವ ಉಪಾಯವನ್ನು ನೋಡಿ ನಗಬೇಡಿ. ಅಂಗೈಯಲ್ಲೂ ಬೆರಳ ತುದಿಯಲ್ಲೂ ಜಿಡ್ಡಿನ ಗ್ರಂಥಿಗಳೇ ಇಲ್ಲ, ಬರೀ ಬೆವರಿನ ಗ್ರಂಥಿಗಳು. ಹಣೆಯ ತುಂಬ ಜಿಡ್ಡು. ಒಣ ಬೆರಳಿಗೆ ಅದರ ತೆಳು ಲೇಪ ಬಿದ್ದರೆ ಗೆರೆ ಗಾಜಿಗೆ ಚೆನ್ನಾಗಿ ಅಂಟುತ್ತದೆ. ಆದರೆ ಕೊಬ್ಬರಿ ಎಣ್ಣೆಯನ್ನೇ ಅದ್ದಿಕೊಂಡು ಸಾಲಿಗೆ ಬಂದರೆ ಸಂದಿಗಳೂ ತುಂಬಿಕೊಂಡು ಒದ್ದೆ ಬೆರಳಿನ ಗತಿಯೇ ಆಗುತ್ತದೆ. ಎಣ್ಣೆ, ವ್ಯಾಸಲಿನ್ ಹಚ್ಚುವುದಿದ್ದರೆ ವಾರ ಮುಂಚಿನಿಂದ ರಾತ್ರಿ ಮಲಗುವಾಗ ಹಚ್ಚಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದುಬಿಡಿ.

ಅಂಗಡಿಯಲ್ಲಿ ಮೊದಲು ಗಾಜನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಲು ಹೇಳಿ. ಹಿಂದಿನವರ ಬೆರಳಿನ ಜಿಡ್ಡು ಅಲ್ಲೇ ಕೂತಿದ್ದು ನಿಮ್ಮ ಗೆರೆಯ ಜೊತೆ ಬೆರೆಯುತ್ತದೆ. ಬಿಸಿಲು ನೇರವಾಗಿ ಯಂತ್ರದ ಮೇಲೆ ಬಿದ್ದಿದ್ದರೆ ಇನ್ನೊಂದು ಕೈಯಿಂದ ಮರೆ ಮಾಡಿ, ಹೊರಗಿನ ಬೆಳಕು ಒಳಗಿನ ಬೆಳಕನ್ನು ಮಂಕು ಮಾಡುತ್ತದೆ. ಉಗುರಿನ ತುದಿ ಒತ್ತಬೇಡಿ, ಬೆರಳಿನ ಉಬ್ಬಿದ ಭಾಗ ಚಪ್ಪಟೆಯಾಗಿ ಗಾಜಿನ ನಡುವೆ ಕೂರಲಿ. ಜೋರಾಗಿ ಒತ್ತಿದರೆ ಗೆರೆಗಳು ಅಗಲವಾಗಿ ಒಂದಕ್ಕೊಂದು ಅಂಟುತ್ತವೆ. ಮೆಲ್ಲಗಿಟ್ಟು ಎರಡು ಮೂರು ಸೆಕೆಂಡು ಅಲುಗಾಡಿಸದಿದ್ದರೆ ತುಸು ಬೆವರೂ ಹೊರಡುತ್ತದೆ. ನಾಟಿ ಗದ್ದೆಯಿಂದ ಸೀದಾ ಬಂದವರ ಬೆರಳು ಸುಕ್ಕುಗಟ್ಟಿರುತ್ತದೆ. ನೀರಿನಲ್ಲಿ ನೆನೆದಾಗ ನರಗಳ ಆಣತಿಯಂತೆ ರಕ್ತನಾಳ ಕುಗ್ಗಿ ಬರುವ ಸುಕ್ಕು ಅದು. ಒಣಗಿದ ಮೇಲೆ ಸ್ವಲ್ಪ ಹೊತ್ತು ಕಾದರೆ ತಾನಾಗಿ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ಸವೆಯುವುದು ಕುಡುಗೋಲು ಹಿಡಿಯುವ ಕೈಯ ಹೆಬ್ಬೆರಳು, ತೋರುಬೆರಳು. ನಾವು ಮೊದಲು ಕೊಡುವುದೂ ಅವನ್ನೇ! ಎಡಗೈ ಉಂಗುರ ಬೆರಳು ಕೊಟ್ಟು ನೋಡಿ. ಒಪ್ಪಿದರೆ ಅದನ್ನೇ ನೆನಪಿಟ್ಟುಕೊಳ್ಳಿ.

ಇಷ್ಟಾದ ಮೇಲೂ ಆಗದಿದ್ದರೆ ಯಂತ್ರದ ತೆರೆಯಲ್ಲಿ ಬಂದ ಸಂಖ್ಯೆ ಏನೆಂದು ಕೇಳಿ. 300 ಬಂದರೆ ಬೆರಳಿನ ಚಿತ್ರ ಆಧಾರ್ ಸರ್ವರ್‌ಗೆ ಹೋಗಿ ಮುಟ್ಟಿದೆ, ದಾಖಲೆಗೆ ಹೊಂದಿಲ್ಲ. ಬೆರಳು ಬದಲಿಸಿದರೆ ಪ್ರಯೋಜನವಿರುವುದು ಇಲ್ಲಿ ಮಾತ್ರ. 330 ಬಂದರೆ ಬಯೋಮೆಟ್ರಿಕ್ ಲಾಕ್ ಆಗಿದೆ. ಬ್ಯಾಂಕಿನ ದುಡ್ಡು ಯಾರಾದರೂ ನಕಲಿ ಬೆರಳಚ್ಚಿನಿಂದ ತೆಗೆದಾರೆಂದು ಊರಿಗೆ ಬಂದ ಮಗ ಫೋನಿನಲ್ಲಿ ಲಾಕ್ ಹಾಕಿ, ಬೆಂಗಳೂರಿಗೆ ಹೋಗಿ ಮರೆತಿರುತ್ತಾನೆ. ಆಧಾರ್ ಆಪ್‌ನಲ್ಲಿ ಅದನ್ನು ಬಿಡಿಸಿದ ಹೊರತು ಹತ್ತು ಬೆರಳು ಕೊಟ್ಟರೂ ಅಕ್ಕಿ ಬರಲ್ಲ. 811 ಅಂದರೆ ಹೋಲಿಸಲು ದಾಖಲೆಯೇ ಇಲ್ಲ. 700 ಅಂದರೆ ಹೊತ್ತು ಮೀರುವುದರೊಳಗೆ ಬೆರಳು ಸಿಗಲಿಲ್ಲ, 720 ಅಂದರೆ ಸ್ಕ್ಯಾನರ್ ಸಿದ್ಧವಾಗಿಲ್ಲ. ಈ ಎರಡರಲ್ಲೂ ತಂತಿ ಕಳಚಿ ಹಾಕುವುದು, ಯಂತ್ರ ಆರಿಸಿ ಹೊತ್ತಿಸುವುದು ಅಂಗಡಿಯವರ ಕೆಲಸ. ‘ಸರ್ವರ್ ಡೌನ್’ ಆಗಿದ್ದಾಗ ಬೆರಳು ತಿಕ್ಕುವುದು ಬರೀ ದಂಡ.

300 ಮತ್ತೆ ಮತ್ತೆ ಬಂದರೆ ದಾಖಲೆಯ ಮೇಲೆ ಅನುಮಾನ ಪಡಿ. ಆಧಾರ್ ನೋಂದಣಿ ಶುರುವಾದದ್ದು 2010ರಲ್ಲಿ. ಅನೇಕರ ಬೆರಳಚ್ಚು ಆ ಮೊದಲ ವರ್ಷಗಳ ನೂಕುನುಗ್ಗಲಿನಲ್ಲಿ ತೆಗೆದದ್ದು, ಆಗಲೂ ಕೈ ಸವೆದೇ ಇತ್ತು. ಆಧಾರ್ ಕೇಂದ್ರದಲ್ಲಿ ಹೊಸದಾಗಿ ಕೊಡಬಹುದು. ಆದರೆ ಕಟಾವಿನ ನಡುವೆ ಒಂದು ದಿನ ರಜೆ ಹಾಕಿ ಓಡಬೇಡಿ. ಕೈಗೆ ಹೆಚ್ಚುಕಡಿಮೆ ಒಂದು ತಿಂಗಳು ಬಿಡುವು ಸಿಕ್ಕ ಮೇಲೆ ಹೋದರೆ ಮಾತ್ರ ಆ ಖರ್ಚಿಗೆ ಬೆಲೆ. ಕ್ಯಾನ್ಸರಿಗೆ ಕ್ಯಾಪೆಸಿಟಬಿನ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಅಂಗೈ ಚರ್ಮ ಸುಲಿದು ಗೆರೆಗಳೇ ಮಾಯವಾಗುವುದುಂಟು. ಅವರು ಬೆರಳಿನ ಗೋಜಿಗೆ ಹೋಗದೆ ಕಣ್ಣಿನ ಪಾಪೆಯ ಸ್ಕ್ಯಾನರ್ ಎಲ್ಲಿದೆ ಎಂದು ಕೇಳುವುದು ಲೇಸು.

ಎಷ್ಟು ಕೂಡಿದರೆ ಒಪ್ಪಬೇಕು ಎಂಬ ಹೊಂದಿಕೆಯ ಮಿತಿಯನ್ನೇ ಸಡಿಲ ಮಾಡಬಾರದೇ ಎಂದು ಕೇಳುವವರಿದ್ದಾರೆ. ಸಡಿಲ ಮಾಡಿದಷ್ಟೂ ಬೇರೆಯವರ ಬೆರಳು ನಿಮ್ಮ ಹೆಸರಿನಲ್ಲಿ ಹಾದುಹೋಗುವ ಸಾಧ್ಯತೆ ಹೆಚ್ಚು, ಬಿಗಿ ಮಾಡಿದಷ್ಟೂ ನಿಜವಾದವರು ಹೊರಗೆ. ಎಲ್ಲಿ ನಿಲ್ಲಿಸಿದರೂ ಒಂದಷ್ಟು ಜನ ತಪ್ಪು ಬದಿಗೆ ಬಿದ್ದೇ ಬೀಳುತ್ತಾರೆ. ಅವರು ದುಡಿದ ಕೈಯವರೇ ಆಗಿರುತ್ತಾರೆ ಅನ್ನುವುದು ನಮ್ಮ ಲೆಕ್ಕದಲ್ಲಿ ದೊಡ್ಡ ಅನ್ಯಾಯ. ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರ ಬೆರಳು ನಡೆಯುವುದರಿಂದ ತುಂಬಿದ ಮನೆಗೆ ದಾರಿ ಇದೆ, ಒಂಟಿ ಮುದುಕಿಗೆ ಅದೂ ಇಲ್ಲ. ಬೆರಳು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಪಡಿತರ ನಿಲ್ಲಿಸಬಾರದು, ಕಾರ್ಡ್ ನೋಡಿ ಕೊಟ್ಟು ಪುಸ್ತಕದಲ್ಲಿ ಬರೆದಿಡಬೇಕು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ‘ನಾಳೆ ಬಾ’ ಅಂದರೆ ತೆರೆಯ ಮೇಲಿನ ಸಂಖ್ಯೆಯನ್ನೂ ತಾರೀಕನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಂಡು, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅದರ ಜೊತೆಗೇ ಅರ್ಜಿ ಕೊಡಿ.