ಇಂಧನದ ಕೆಲಸಕ್ಕೆ ಕೈಗವಸು: ತೂತಿಲ್ಲದಿದ್ದರೂ ನುಸುಳುವ ಡೀಸೆಲ್

ಮಲ್ಪೆಯ ದಕ್ಕೆಯಲ್ಲಿ ಡೀಸೆಲ್ ಫಿಲ್ಟರ್ ಬದಲಿಸುವವರಿಗೂ, ನಾಡದೋಣಿಯ ಔಟ್‌ಬೋರ್ಡ್ ಎಂಜಿನ್‌ಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ತುಂಬಿಸುವವರಿಗೂ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸೇ ಸೂಕ್ತ. ನೈಸರ್ಗಿಕ ರಬ್ಬರ್ ಇಂಧನದಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಬಟ್ಟೆ ಮತ್ತು ಚರ್ಮದ ಕೈಗವಸುಗಳು ಇಂಧನವನ್ನು ಹೀರಿ ಚರ್ಮಕ್ಕೇ ಒತ್ತಿ ಹಿಡಿಯುತ್ತವೆ.

ಇಷ್ಟು ಸುಲಭ. ಕಷ್ಟವಾದದ್ದು ಮುಂದಿನ ವಿಷಯ: ಎಲ್ಲಿಯೂ ತೂತಿಲ್ಲದ, ಊದಿಕೊಳ್ಳದ, ಹೊಸತರಂತೆಯೇ ಕಾಣುವ ಕೈಗವಸಿನ ಮೂಲಕವೂ ಇಂಧನ ಒಳಗೆ ಬರುತ್ತದೆ. ಇಂಧನದ ಅಣುಗಳು ಹೊರಮೈಯಲ್ಲಿ ರಬ್ಬರಿನೊಳಗೆ ಕರಗಿ, ಅದರ ದಪ್ಪವನ್ನು ನಿಧಾನವಾಗಿ ದಾಟಿ, ಒಳಮೈಯಲ್ಲಿ ಹೊರಬೀಳುತ್ತವೆ. ಸ್ಪರ್ಶವಾದ ಕ್ಷಣದಿಂದ ಒಳಮೈಯಲ್ಲಿ ಇಂಧನ ನಿಗದಿತ ಪ್ರಮಾಣದಲ್ಲಿ ಹೊರಬರುವವರೆಗಿನ ಅವಧಿಯನ್ನೇ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಹೊರಮೈಯನ್ನು ಒರೆಸಿದರೂ ಈಗಾಗಲೇ ರಬ್ಬರಿನೊಳಗೆ ಸೇರಿದ ಅಣುಗಳ ಚಲನೆ ನಿಲ್ಲುವುದಿಲ್ಲ. ಆದ್ದರಿಂದ ನಿನ್ನೆ ಒದ್ದೆಯಾಗಿ ಒಣಗಿದ ಕೈಗವಸನ್ನು ಇಂದು ಧರಿಸಿದಾಗ ಅದರ ಒಳಮೈಯಲ್ಲಿ ಇಂಧನ ಮೊದಲೇ ಕಾದಿರಬಹುದು. ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಕರಾವಳಿಯ ಸೆಕೆ, ಎಂಜಿನ್ ಕೋಣೆಯ ಕಾವು ಮತ್ತು ಅಂಗೈಯ ಬಿಸಿ ಸೇರಿದರೆ ನುಸುಳುವಿಕೆ ಇನ್ನೂ ಬೇಗ ನಡೆಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಲೇಬೇಕು.

ಇಂಧನ ನುಸುಳಲು ಹಿಡಿಯುವ ಈ ಅವಧಿಯನ್ನು ಅಂಗಡಿಯಲ್ಲೇ ತಿಳಿಯಲು ನನಗೆ ಅತ್ಯಂತ ಇಷ್ಟವಾದ ಉಪಾಯ ಕೈಗವಸಿನ ಗುರುತಿನಲ್ಲಿ ಜೆ (J) ಅಕ್ಷರವನ್ನು ಹುಡುಕುವುದು. ರಾಸಾಯನಿಕ ತಡೆಯುವ ಕೈಗವಸುಗಳಿಗಾಗಿ ಇರುವ 2016ರ ಐಎಸ್‌ಒ 374-1 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪ್ರತಿ ಪರೀಕ್ಷಾ ರಾಸಾಯನಿಕಕ್ಕೂ ಒಂದು ಇಂಗ್ಲಿಷ್ ಅಕ್ಷರವಿದೆ. ಜೆ ಎಂದರೆ ಎನ್-ಹೆಪ್ಟೇನ್, ಡೀಸೆಲ್ ಮತ್ತು ಸೀಮೆಎಣ್ಣೆಯ ಬಹುಭಾಗಕ್ಕೆ ಹತ್ತಿರದ ಬಂಧು. ಅದೇ ಗುರುತಿನಲ್ಲಿ 'ಟೈಪ್ ಎ' ಎಂದರೆ ಕನಿಷ್ಠ ಆರು ರಾಸಾಯನಿಕಗಳಿಗೆ ಕನಿಷ್ಠ 30 ನಿಮಿಷದ ತಡೆ, ಆದರೆ ಅವುಗಳಲ್ಲಿ ಜೆ ಇರಲೇಬೇಕೆಂದಿಲ್ಲ. ಟೈಪ್ ನೋಡಿ ತೃಪ್ತರಾಗದೆ ಅದರ ಕೆಳಗಿನ ಅಕ್ಷರಗಳನ್ನು ಓದಬೇಕು. ಪೊಟ್ಟಣದೊಳಗಿನ ಚೀಟಿಯಲ್ಲಿ ಜೆಗೆ 6ನೇ ಮಟ್ಟ ಎಂದಿದ್ದರೆ 480 ನಿಮಿಷಕ್ಕಿಂತ ಹೆಚ್ಚು, 2 ಎಂದಿದ್ದರೆ 30 ನಿಮಿಷಕ್ಕಿಂತ ಹೆಚ್ಚು.

ಪೆಟ್ರೋಲ್‌ಗೆ ಜೆ ಒಂದೇ ಸಾಲದು. ಅದರಲ್ಲಿರುವ ಟೊಲ್ಯೂಯಿನ್‌ನಂಥ ಅಂಶಗಳ ಎದುರು ನೈಟ್ರೈಲ್ ದುರ್ಬಲ, ಹಾಗಾಗಿ ಟೊಲ್ಯೂಯಿನ್‌ನ ಅಕ್ಷರವಾದ ಎಫ್ ಕೂಡ ಇದೆಯೇ ಎಂದು ನೋಡಬೇಕು. ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಕೈಗವಸು ಟೊಲ್ಯೂಯಿನ್ನನ್ನು ಚೆನ್ನಾಗಿ ತಡೆಯುತ್ತದೆಯಾದರೂ ನೀರಿನಲ್ಲಿ ಹಾಳಾಗುವುದರಿಂದ ದೋಣಿಗೆ ಹೇಳಿದ್ದಲ್ಲ.

ತೆಳುವಾದ, ಒಮ್ಮೆ ಬಳಸಿ ಎಸೆಯುವ ನೈಟ್ರೈಲ್ ಕೈಗವಸು ಹನಿ ಸಿಡಿಯುವಷ್ಟಕ್ಕೆ ಮಾತ್ರ; ಇಂಧನ ತಾಗಿದ ಕೂಡಲೇ ಬದಲಿಸಬೇಕು. ಡಬ್ಬ ಎತ್ತಿ ಸುರಿಯುವ ಕೆಲಸಕ್ಕೆ ದಪ್ಪನೆಯದೂ ಮಣಿಕಟ್ಟು ದಾಟುವಷ್ಟು ಉದ್ದದ್ದೂ ಇರಲಿ. ತಿರುಗುತ್ತಿರುವ ಬೆಲ್ಟಿನ ಬಳಿ ಮಾತ್ರ ಯಾವ ಕೈಗವಸೂ ಬೇಡ.